ಓದು ಮಗನದು, ಹೊಣೆ ಅಪ್ಪ-ಅಮ್ಮನದು!

ಕಾಲೇಜುಗಳಲ್ಲಿ ಇಂಟರ್ನಲ್ ಪರೀಕ್ಷೆಗಳು ಹತ್ತಿರ ಬಂದವೆಂದರೆ ನನ್ನಂಥ ಸಾಮಾನ್ಯ ವೈದ್ಯರ ಬಳಿ ಒಂದು ಬಗೆಯ ರೋಗಿಗಳು ಹೆಚ್ಚಾಗುತ್ತಾರೆ. ವಯಸ್ಸು ಹದಿನೆಂಟರಿಂದ ಇಪ್ಪತ್ತು. ಬೆಳಿಗ್ಗೆ ಎದ್ದಕೂಡಲೇ ಹೊಟ್ಟೆಯಲ್ಲಿ ಸಂಕಟ, ತಿಂದದ್ದು ಸೇರುವುದಿಲ್ಲ, ತಲೆಗೆ ಪಟ್ಟಿ ಬಿಗಿದಂತೆ ನೋವು, ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ಜೋಂಪು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿಕೊಂಡೇ ಬಂದಿರುತ್ತಾರೆ. ಬಹಳಷ್ಟು ಸಲ ಆ ವರದಿಗಳಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣುವುದಿಲ್ಲ.

ಇಂಥ ರೋಗಿಯ ಜೊತೆ ತಾಯಿಯೋ ತಂದೆಯೋ, ಹೆಚ್ಚಿನ ಸಲ ಇಬ್ಬರೂ ಬಂದಿರುತ್ತಾರೆ. "ಏನಪ್ಪಾ ತೊಂದರೆ?" ಎಂದು ಹುಡುಗನನ್ನು ಕೇಳಿದರೆ ಉತ್ತರ ಬರುವುದು ತಾಯಿಯಿಂದ. "ಹಸಿವಾಗುತ್ತಾ?" ಎಂದು ಕೇಳಿದರೂ ತಾಯಿಯೇ ಹೇಳಬೇಕು. "ಓದು ಹೇಗೆ ನಡೀತಿದೆ?" ಎಂದರೆ ತಂದೆ ಶುರುಮಾಡುತ್ತಾರೆ: "ನಮಗೆ ಸೋಮವಾರದಿಂದ ಇಂಟರ್ನಲ್ಸ್ ಡಾಕ್ಟ್ರೇ. ಹೋದ ಸೆಮಿಸ್ಟರಿಂದೇ ಎರಡು ಬ್ಯಾಕ್ ಉಳಿದಿದೆ." ಪರೀಕ್ಷೆ ಇರುವುದು 'ಅವನಿಗೆ' ಅಲ್ಲ, 'ನಮಗೆ'! ಹುಡುಗ ಮಾತ್ರ ಈ ಮಾತುಕತೆಗೂ ತನಗೂ ಸಂಬಂಧವಿಲ್ಲವೆಂಬಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿರುತ್ತಾನೆ.

ಈ 'ನಮಗೆ' ಎಂಬ ಮಾತಿನಲ್ಲಿ ಪ್ರೀತಿ ಇದೆ, ಸಂಶಯವಿಲ್ಲ. ಆದರೆ ಹುಡುಗನ ಹೊಟ್ಟೆನೋವಿನ ಒಂದು ಕಾರಣವೂ ಅನೇಕ ಸಲ ಅದರಲ್ಲೇ ಅಡಗಿರುತ್ತದೆ. ತಂದೆ-ತಾಯಿಯ ಅತಿ ರಕ್ಷಣೆ ಕಾಲೇಜು ಓದುವ ಮಕ್ಕಳ ಮನಸ್ಸಿನ ಮೇಲೆ, ಓದಿನ ಮೇಲೆ, ಆ ಮೂಲಕ ದೇಹದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದನ್ನು ಈ ವಾರ ತಿಳಿಯೋಣ.

ಕಾಳಜಿ ಬೇರೆ, ಅತಿ ರಕ್ಷಣೆ ಬೇರೆ

ಮಗುವಿನ ಕೈಲಿ ಇನ್ನೂ ಆಗದ್ದನ್ನು ಮಾಡಿಕೊಡುವುದು ಕಾಳಜಿ. ಅದರ ಕೈಲಿ ಆಗುವುದನ್ನೂ, ಸ್ವಲ್ಪ ಒದ್ದಾಡಿದರೆ ಆಗಬಹುದಾದದ್ದನ್ನೂ ನಾವೇ ಮಾಡಿ ಮುಗಿಸುವುದು ಅತಿ ರಕ್ಷಣೆ. ಮೂರು ವರ್ಷದ ಕೂಸನ್ನು ಕೈಹಿಡಿದು ರಸ್ತೆ ದಾಟಿಸುವುದು ಕಾಳಜಿ. ಹತ್ತೊಂಬತ್ತು ವರ್ಷದ ಮಗನ ಪರವಾಗಿ ಕಾಲೇಜಿಗೆ ಫೋನ್ ಮಾಡಿ, "ಅಸೈನ್‌ಮೆಂಟ್ ಕೊಡಲು ಇನ್ನೆರಡು ದಿನ ಅವಕಾಶ ಕೊಡಿ ಸರ್" ಎಂದು ಕೇಳುವುದು ಅತಿ ರಕ್ಷಣೆ.

ಇವೆರಡೂ ಒಂದೇ ವಸ್ತುವಿನ ಹೆಚ್ಚು ಕಡಿಮೆ ಪ್ರಮಾಣಗಳು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಆಸ್ಟ್ರೇಲಿಯಾದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 1979ರಲ್ಲಿ, ತಂದೆ-ತಾಯಿ ತಮ್ಮೊಡನೆ ಹೇಗೆ ನಡೆದುಕೊಂಡರೆಂದು ಬೆಳೆದ ಮಕ್ಕಳನ್ನೇ ಕೇಳಿ ತಿಳಿಯುವ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಅದರಲ್ಲಿ ಅಕ್ಕರೆಗೆ ಒಂದು ಅಳತೆ, ಅತಿ ರಕ್ಷಣೆಗೆ ಇನ್ನೊಂದು ಅಳತೆ. ಅಂದರೆ ಅಕ್ಕರೆ ತುಂಬಾ ಇದ್ದು ಹಿಡಿತ ಕಡಿಮೆ ಇರುವ ಮನೆಗಳಿವೆ. ಅಕ್ಕರೆಯ ಮಾತೇ ಇಲ್ಲದೆ ಬರೀ ಹಿಡಿತವಿರುವ ಮನೆಗಳೂ ಇವೆ. ಹಿಡಿತ ಸಡಿಲಿಸಿದರೆ ಪ್ರೀತಿ ಕಡಿಮೆಯಾಯಿತೆಂದು ಯಾವ ತಾಯಿಯೂ ಅಳುಕಬೇಕಾಗಿಲ್ಲ.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಾದ ಸಮಸ್ಯೆಯೂ ಅಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಮನಶ್ಶಾಸ್ತ್ರಜ್ಞ ಹೈಮ್ ಗಿನಾಟ್ 1969ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸದಾ ತನ್ನ ಸುತ್ತಲೇ ಇರುವ ತಾಯಿಯನ್ನು ಹೆಲಿಕಾಪ್ಟರಿಗೆ ಹೋಲಿಸಿದ ಹುಡುಗನೊಬ್ಬನ ಪ್ರಸ್ತಾಪವಿದೆ. ಇಂಥ ಪೋಷಕರಿಗೆ 'ಹೆಲಿಕಾಪ್ಟರ್ ಪೋಷಕರು' ಎಂಬ ಹೆಸರು ಮುಂದೆ ರೂಢಿಗೆ ಬಂತು.

ಹೆತ್ತವರನ್ನು ದೂರುವ ಮುನ್ನ

ಹೆತ್ತವರು ಸುಮ್ಮಸುಮ್ಮನೆ ಹೀಗಾಗಿಲ್ಲ. ನಮ್ಮ ರಾಜ್ಯದಲ್ಲಿ ಸಿಇಟಿ ಆರಂಭವಾದದ್ದು 1994ರಲ್ಲಿ. ಅಂದಿನಿಂದ ಪಿಯುಸಿಯ ಎರಡು ವರ್ಷಗಳೆಂದರೆ ಇಡೀ ಮನೆಗೇ ಪರೀಕ್ಷೆ ಎನ್ನುವಂತಾಗಿದೆ. ವೈದ್ಯಕೀಯ ಸೀಟು ಬೇಕಾದರೆ ಈಗ ನೀಟ್ ಬರೆಯಬೇಕು. ಮನೆಗೆ ಒಂದೋ ಎರಡೋ ಮಕ್ಕಳು. ಸೀಟು ಸ್ವಲ್ಪದರಲ್ಲಿ ತಪ್ಪಿದರೆ ಲಕ್ಷಗಟ್ಟಲೆ ಶುಲ್ಕ. ಇದನ್ನೆಲ್ಲ ನೋಡಿದ ತಂದೆ ಬೆಳಗಿನ ಜಾವ ಐದಕ್ಕೆ ಎದ್ದು ಮಗಳನ್ನು ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಬಿಟ್ಟು ಬಂದರೆ, ತಾಯಿ ಎರಡು ವರ್ಷ ಟಿವಿ ಹಾಕದೆ, ನೆಂಟರ ಮದುವೆಗೂ ಹೋಗದೆ ಕುಳಿತರೆ, ಅದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬಾರದು.

ತೊಂದರೆ ಶುರುವಾಗುವುದು ಆ ನಂತರ. ಪಿಯುಸಿವರೆಗೆ ಯಾವಾಗ ಏಳಬೇಕು, ಯಾವ ವಿಷಯ ಎಷ್ಟು ಹೊತ್ತು ಓದಬೇಕು, ಯಾವಾಗ ಮಲಗಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸಿದ್ದರು. ವಸತಿ ಕಾಲೇಜಿನಲ್ಲಿ ಓದಿದವರಿಗಂತೂ ಗಂಟೆ ಬಾರಿಸಿದರೆ ಓದು, ಗಂಟೆ ಬಾರಿಸಿದರೆ ಊಟ. ಅದೇ ಹುಡುಗ ಮೂರು ತಿಂಗಳ ನಂತರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಜಿನಿಯರಿಂಗ್ ಸೇರಿ ಪಿ.ಜಿ.ಯ ಕೋಣೆಯಲ್ಲಿರುತ್ತಾನೆ. ಎಬ್ಬಿಸುವವರಿಲ್ಲ, ಕೂರಿಸುವವರಿಲ್ಲ. ಓದಲು ಅವನಿಗೆ ಬುದ್ಧಿ ಸಾಲದೆಂದಲ್ಲ. ತನ್ನನ್ನು ತಾನೇ ಓದಲು ಕೂರಿಸಿಕೊಳ್ಳುವ ಕೆಲಸವನ್ನು ಅವನು ಒಮ್ಮೆಯೂ ಮಾಡಿರುವುದಿಲ್ಲ. ಇತ್ತ ಮನೆಯಲ್ಲಿ ಗಾಬರಿ. ದಿನಕ್ಕೆ ನಾಲ್ಕು ಫೋನು, ಮೊಬೈಲಿನಲ್ಲಿ ಮಗ ಎಲ್ಲಿದ್ದಾನೆಂದು ನೋಡುವುದು, ಹಾಜರಿಯ ಮೆಸೇಜು ಬಂದಕೂಡಲೇ ವಿಚಾರಣೆ. ಹಿಡಿತ ದೂರದಿಂದಲೇ ಮತ್ತೆ ಆರಂಭವಾಗುತ್ತದೆ.

ಓದಿನ ಮೇಲೆ ಏನು ಪರಿಣಾಮ?

ನಾನು ಕಂಡಂತೆ, ಅತಿ ರಕ್ಷಣೆಯಲ್ಲಿ ಬೆಳೆದ ವಿದ್ಯಾರ್ಥಿಗಳು ಓದನ್ನು ನೋಡುವ ರೀತಿಯಲ್ಲಿ ಮುಖ್ಯವಾಗಿ ನಾಲ್ಕು ಲಕ್ಷಣಗಳಿರುತ್ತವೆ.

ಒಂದು, ಓದು ಅಪ್ಪ-ಅಮ್ಮನ ಕೆಲಸ ಎಂಬ ಭಾವನೆ. "ಯಾಕೆ ಈ ಕೋರ್ಸು ತೆಗೆದುಕೊಂಡೆ?" ಎಂದು ಕೇಳಿದರೆ "ಮನೇಲಿ ಹೇಳಿದ್ರು" ಎಂಬ ಉತ್ತರ. ಅಂಕ ಬಂದರೆ ಮನೆಯವರಿಗೆ ಕೊಟ್ಟ ಕಂತು, ಬರದಿದ್ದರೆ ಉಳಿದ ಸಾಲ. ವಿಷಯದಲ್ಲಿ ತನಗೇನಾದರೂ ರುಚಿ ಇದೆಯೇ ಎಂಬ ಪ್ರಶ್ನೆ ಅವನ ತಲೆಗೇ ಬಂದಿರುವುದಿಲ್ಲ.

ಎರಡು, ತಪ್ಪಿನ ಭಯ. ಚಿಕ್ಕಂದಿನಿಂದ ಬೀಳುವ ಮುಂಚೆಯೇ ಯಾರೋ ಹಿಡಿದುಕೊಂಡಿರುತ್ತಾರೆ. ಬಿದ್ದು ಎದ್ದ ಅನುಭವವೇ ಇಲ್ಲದವನಿಗೆ ಮೊದಲ ಬ್ಯಾಕ್ ಎಂದರೆ ಪ್ರಪಂಚ ಮುಳುಗಿದಂತೆ. ತರಗತಿಯಲ್ಲಿ ಕೈಯೆತ್ತಿ ಸಂದೇಹ ಕೇಳಲಾರ. ಕಷ್ಟದ ವಿಷಯವನ್ನು ಪರೀಕ್ಷೆಯ ಹಿಂದಿನ ರಾತ್ರಿಯವರೆಗೆ ಮುಟ್ಟಲಾರ. ಹೊರಗಿನವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ. ಅನೇಕ ಸಲ ಅದು ಸೋಮಾರಿತನವಲ್ಲ, ಹೆದರಿಕೆ.

ಮೂರು, ಯಾರಾದರೂ ಬಂದು ಸರಿಪಡಿಸುತ್ತಾರೆಂಬ ನಿರೀಕ್ಷೆ. ಹಾಜರಿ ಕಡಿಮೆಯಾದರೆ ಅಪ್ಪ ಬಂದು ಪ್ರಿನ್ಸಿಪಾಲರನ್ನು ಕಾಣುತ್ತಾರೆ, ಪರೀಕ್ಷಾ ಶುಲ್ಕದ ಕೊನೆಯ ದಿನವನ್ನು ಅಮ್ಮ ನೆನಪಿಸುತ್ತಾರೆ. ಹೀಗೆ ನಡೆದು ಬಂದವನು ತಾನೇ ದಾರಿ ಹುಡುಕಲು ಕೈಹಾಕುವುದಿಲ್ಲ.

ನಾಲ್ಕು, ಮುಚ್ಚಿಡುವುದು. ಸದಾ ವಿಚಾರಣೆ ಇರುವ ಮನೆಯಲ್ಲಿ ಮಕ್ಕಳು ಬಲುಬೇಗ ಕಲಿಯುವ ವಿದ್ಯೆ ಸುಳ್ಳು. ಫಲಿತಾಂಶ ಇನ್ನೂ ಬಂದಿಲ್ಲ, ಸರ್ವರ್ ಕೆಟ್ಟಿದೆ, ಕಾಲೇಜಿಗೆ ರಜೆ. ಕೆಲವರು ಎರಡು ಮೂರು ಸೆಮಿಸ್ಟರ್‌ಗಳ ಫಲಿತಾಂಶವನ್ನೇ ಮನೆಗೆ ತಿಳಿಸಿರುವುದಿಲ್ಲ. ಆ ಗುಟ್ಟಿನ ಭಾರವೇ ಒಂದು ಕಾಯಿಲೆಯಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅತಿ ರಕ್ಷಣೆಯ ರೂಪವೇ ಬೇರೆ. ಆಸಕ್ತಿಯ ಕೋರ್ಸು ಬಿಟ್ಟು ಮನೆಯ ಹತ್ತಿರದ ಕಾಲೇಜು, ಪ್ರಾಜೆಕ್ಟಿಗೆ ಸಂಜೆ ಉಳಿಯುವಂತಿಲ್ಲ, ಶೈಕ್ಷಣಿಕ ಪ್ರವಾಸಕ್ಕೆ ಕಳಿಸುವುದಿಲ್ಲ. ಹೆತ್ತವರ ಭಯಕ್ಕೆ ಕಾರಣಗಳಿಲ್ಲವೆಂದು ಹೇಳಲಾಗದು. ಆದರೆ ಒಬ್ಬಳೇ ಬಸ್ ಹಿಡಿದು ಹೋಗಿ ಕೆಲಸ ಮುಗಿಸಿ ಬರುವುದನ್ನು ಕಲಿಸುವುದೂ ರಕ್ಷಣೆಯೇ. ಓದಿದ್ದು ಹೇಗಿದ್ದರೂ ಉಪಯೋಗಕ್ಕೆ ಬಾರದೆಂದು ತಿಳಿದ ಹುಡುಗಿಗೆ ಓದಿನಲ್ಲಿ ಉತ್ಸಾಹ ಎಲ್ಲಿಂದ ಬರಬೇಕು?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹಲವು ದಶಕಗಳ ಕಾಲ ಮನುಷ್ಯನ ಆಸಕ್ತಿಯ ಮೂಲವನ್ನು ಅಧ್ಯಯನ ಮಾಡಿದರು. ಅವರ ಸಿದ್ಧಾಂತದ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಯಾವುದೇ ಕೆಲಸದಲ್ಲಿ ಮನಸ್ಸು ನಿಲ್ಲಬೇಕಾದರೆ 'ಇದು ನನ್ನ ಆಯ್ಕೆ', 'ಇದು ನನ್ನಿಂದ ಆಗುತ್ತದೆ', 'ನನ್ನವರು ನನ್ನ ಜೊತೆಗಿದ್ದಾರೆ' ಎಂಬ ಮೂರು ಭಾವನೆಗಳು ಬೇಕು. ಅತಿ ರಕ್ಷಣೆ ಮೂರನೆಯದನ್ನು ಕೊಡುವ ಭರದಲ್ಲಿ ಮೊದಲಿನ ಎರಡನ್ನು ಕಿತ್ತುಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಅಧ್ಯಯನವೊಂದರಲ್ಲಿ, ಪೋಷಕರ ಹಿಡಿತ ಅತಿಯಾಗಿದೆ ಎಂದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿಯೂ ಬದುಕಿನ ತೃಪ್ತಿ ಕಡಿಮೆಯಾಗಿಯೂ ಕಂಡುಬಂದವು. ಆ ಮೊದಲಿನ ಎರಡು ಭಾವನೆಗಳ ಕೊರತೆಗೂ ಇದಕ್ಕೂ ನಂಟಿತ್ತು. ಮೊದಲೇ ಅಂಜುಬುರುಕನಾದ ಮಗುವಿಗೆ ಹೆತ್ತವರು ಹೆಚ್ಚು ರಕ್ಷಣೆ ಕೊಡುವುದೂ ಉಂಟು. ಆದ್ದರಿಂದ ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊಟ್ಟೆಗೂ ಮೆದುಳಿಗೂ ನಂಟು

ವರದಿಗಳು ಸರಿಯಿವೆ ಎಂದಕೂಡಲೇ ಕೆಲವು ತಂದೆಯರು "ಹಾಗಾದರೆ ಇದೆಲ್ಲ ನಾಟಕ" ಎಂದು ಮಗನ ಕಡೆ ಕಣ್ಣು ಕೆಕ್ಕರಿಸುತ್ತಾರೆ. ನಾಟಕವಲ್ಲ. ನೋವು ನಿಜವಾದದ್ದೇ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸದೂತಗಳು ಹೆಚ್ಚುತ್ತವೆ. ಎದೆ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕರುಳಿನ ಗೋಡೆಯಲ್ಲಿ ನರಕೋಶಗಳ ದೊಡ್ಡ ಜಾಲವೇ ಇದ್ದು, ಅದು ಮೆದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಆದ್ದರಿಂದಲೇ ಮನಸ್ಸು ಕಲಕಿದಾಗ ಹೊಟ್ಟೆಯೂ ಕಲಕುತ್ತದೆ. ಕತ್ತು ಮತ್ತು ತಲೆಯ ಸ್ನಾಯುಗಳ ಬಿಗಿತದಿಂದ ತಲೆನೋವು ಬರುತ್ತದೆ. ಸ್ವಲ್ಪ ಆತಂಕ ಓದಿಗೆ ಒಳ್ಳೆಯದೇ. ಪರೀಕ್ಷೆ ಹತ್ತಿರವಿದ್ದಾಗ ಮನಸ್ಸು ಚುರುಕಾಗುವುದು ಅದರಿಂದಲೇ. ಅತಿಯಾದಾಗ ಓದಿದ್ದೂ ನೆನಪಿಗೆ ಬಾರದು.

ಇಲ್ಲಿ ಒಂದು ವಿಷಚಕ್ರವನ್ನು ಗಮನಿಸಬೇಕು. ಪರೀಕ್ಷೆಯ ದಿನ ಹೊಟ್ಟೆನೋವು ಬರುತ್ತದೆ. ತಾಯಿ ಮರುಗಿ, "ಇವತ್ತು ಹೋಗಬೇಡ ಬಿಡು, ನಾನು ಕಾಲೇಜಿಗೆ ಹೇಳ್ತೀನಿ" ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೋವು ಮಾಯ. ಭಯದಿಂದ ಪಾರಾದ ಆ ನೆಮ್ಮದಿಯನ್ನು ಮೆದುಳು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಪರೀಕ್ಷೆಗೆ ಹೊಟ್ಟೆನೋವು ಎರಡು ದಿನ ಮುಂಚೆಯೇ ಹಾಜರು. ಪ್ರತಿ ಸಲ ತಪ್ಪಿಸಿದಷ್ಟೂ ಭಯ ಬಲಿಯುತ್ತದೆ. ಗ್ಲುಕೋಸ್ ಹಾಕಿಸಿ, ಶಕ್ತಿಗೆ ಇಂಜೆಕ್ಷನ್ ಕೊಡಿ, ನೆನಪಿನ ಶಕ್ತಿಗೆ ಟಾನಿಕ್ ಬರೆದುಕೊಡಿ ಎಂದು ಅನೇಕರು ಕೇಳುತ್ತಾರೆ. ಇವು ಯಾವುವೂ ಈ ಚಕ್ರವನ್ನು ಮುರಿಯುವುದಿಲ್ಲ.

ಹಾಗೆಂದು ಎಲ್ಲ ಹೊಟ್ಟೆನೋವನ್ನೂ ಮನಸ್ಸಿನ ಖಾತೆಗೆ ಬರೆಯಬೇಡಿ. ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ, ಪದೇಪದೇ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ತಪ್ಪದೆ ತಪಾಸಣೆ ಆಗಬೇಕು. ಸುಸ್ತು, ಮರೆವಿಗೆ ರಕ್ತಹೀನತೆ, ಥೈರಾಯ್ಡ್ ದೋಷ ಕಾರಣವಿರಬಹುದು. ತಲೆನೋವಿಗೆ ಕಣ್ಣಿನ ದೋಷವೋ ಮೈಗ್ರೇನೋ ಕಾರಣವಿರಬಹುದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪಾಠ ಅರ್ಥವಾಗದಿರುವುದೇ ನಿಜವಾದ ಕಷ್ಟವಾಗಿರಬಹುದು. ಮೊದಲು ಇವನ್ನು ನೋಡಿ.

ಬಿಟ್ಟುಕೊಡುವುದು ಹೇಗೆ?

ಅಡಕೆ ತೋಟ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎಳೆಯ ಅಡಕೆ ಗಿಡ ಬಿಸಿಲಿನ ಝಳ ತಡೆಯದು. ಅದಕ್ಕೇ ಪಕ್ಕದಲ್ಲಿ ಬಾಳೆ ನೆಟ್ಟು ನೆರಳು ಮಾಡುತ್ತಾರೆ. ಅಡಕೆ ಬೆಳೆದಂತೆಲ್ಲ ಬಾಳೆಯನ್ನು ಕಡಿಮೆ ಮಾಡುತ್ತ ಬರುತ್ತಾರೆ. ಒಂದೇ ದಿನ ಎಲ್ಲ ಬಾಳೆ ಕಡಿದರೆ ಗಿಡ ಸುಡುತ್ತದೆ. ಕಡಿಯದೇ ಬಿಟ್ಟರೆ ಏಳಿಗೆಯಾಗದು. ಮಕ್ಕಳ ವಿಷಯದಲ್ಲೂ ಹಂತಹಂತವಾಗಿಯೇ ಬಿಡಬೇಕು.

1. ಬೆಳಿಗ್ಗೆ ಏಳುವುದು ಮಗನ ಕೆಲಸವಾಗಲಿ. ಒಂದು ವಾರ ಮೊದಲೇ ತಿಳಿಸಿ ಎಬ್ಬಿಸುವುದನ್ನು ನಿಲ್ಲಿಸಿ. ಎರಡು ದಿನ ತರಗತಿ ತಪ್ಪೀತು. ತಪ್ಪಲಿ.

2. 'ನಮಗೆ ಪರೀಕ್ಷೆ' ಎನ್ನುವುದನ್ನು ಬಿಟ್ಟು 'ನಿನಗೆ ಪರೀಕ್ಷೆ' ಎನ್ನಿ. ಎಷ್ಟು ಅಂಕ ಬಂತು ಎಂಬುದಕ್ಕಿಂತ ಮೊದಲು ಯಾವುದು ಕಷ್ಟವಾಯಿತು, ಅದಕ್ಕೆ ಏನು ಮಾಡಬೇಕೆಂದುಕೊಂಡಿದ್ದೀಯ ಎಂದು ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನಿರಿ. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ.

3. ಪರೀಕ್ಷೆಯ ಅರ್ಜಿ, ಶುಲ್ಕದ ರಸೀದಿ, ವಿದ್ಯಾರ್ಥಿವೇತನ, ಬಸ್ ಪಾಸು, ಬ್ಯಾಂಕಿನ ಕೆಲಸ ಎಲ್ಲವನ್ನೂ ಮಕ್ಕಳೇ ಮಾಡಲಿ. ಕೊನೆಯ ದಿನವನ್ನು ಅವರೇ ಬರೆದಿಟ್ಟುಕೊಳ್ಳಲಿ.

4. ತಿಂಗಳಿಗೆ ಇಷ್ಟು ಎಂದು ಖರ್ಚಿಗೆ ಹಣ ಕೊಟ್ಟು ಲೆಕ್ಕವನ್ನು ಅವರಿಗೇ ಬಿಡಿ. ಇಪ್ಪತ್ತನೇ ತಾರೀಕಿಗೇ ಮುಗಿದರೆ ಉಳಿದ ಹತ್ತು ದಿನ ಹೇಗೆ ಎಂಬ ಯೋಚನೆಯೂ ಅವರದೇ ಆಗಲಿ. ಊಟ, ಔಷಧಿ, ಬಸ್ಸಿಗೆ ಮಾತ್ರ ತೊಂದರೆಯಾಗದಂತೆ ನೋಡಿಕೊಳ್ಳಿ.

5. ದೂರದ ಊರಿನಲ್ಲಿದ್ದರೆ ದಿನಕ್ಕೊಮ್ಮೆ, ಇಬ್ಬರಿಗೂ ಅನುಕೂಲವಾದ ಹೊತ್ತಿನಲ್ಲಿ ಫೋನ್ ಮಾಡಿ. ವಾರದಲ್ಲಿ ಕೆಲವು ದಿನವಾದರೂ ಓದಿನ ಮಾತೇ ಬೇಡ.

6. ಸಣ್ಣ ಸೋಲಿಗೆ ಜಾಗ ಕೊಡಿ. ಒಂದು ಬ್ಯಾಕ್ ಬಂದರೆ ಬದುಕು ಮುಗಿಯುವುದಿಲ್ಲ. ದ್ವಿತೀಯ ಪಿಯುಸಿಗೂ 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂತು. ವ್ಯವಸ್ಥೆಯೇ ಮತ್ತೊಂದು ಅವಕಾಶ ಕೊಡುತ್ತಿರುವಾಗ ಮನೆಯವರು ಕೊಡದಿದ್ದರೆ ಹೇಗೆ?

7. ವೈದ್ಯರ ಬಳಿ ಬಂದಾಗ ಹತ್ತು ನಿಮಿಷ ಹೊರಗೆ ಕುಳಿತಿರಿ. ಹದಿನೆಂಟು ತುಂಬಿದವರು ವಯಸ್ಕರು. ತಮ್ಮ ದೇಹದ ಕಷ್ಟವನ್ನು ತಮ್ಮ ಬಾಯಲ್ಲೇ ಹೇಳಲು ಅವರು ಕಲಿಯಬೇಕು.

"ಇನ್ನು ನಿನ್ನ ಹಣೆಬರಹ, ಏನಾದರೂ ಮಾಡಿಕೋ" ಎಂದು ಸಿಟ್ಟಿನಿಂದ ಕೈಬಿಡುವುದು ಸ್ವಾತಂತ್ರ್ಯ ಕೊಡುವುದಲ್ಲ, ಅದು ಶಿಕ್ಷೆ. ಇನ್ನೊಂದು ಮಾತು: ಹೊಣೆ ವರ್ಗಾಯಿಸಿದ ಮೊದಲ ಕೆಲವು ತಿಂಗಳು ಅಂಕಗಳು ಇಳಿಯಬಹುದು. ಆಗ ಗಾಬರಿಯಿಂದ ಎಲ್ಲವನ್ನೂ ಮತ್ತೆ ಕೈಗೆ ತೆಗೆದುಕೊಂಡರೆ, ತನ್ನಿಂದ ಏನೂ ಆಗದು ಎಂದು ಮಗ ಖಚಿತ ಮಾಡಿಕೊಳ್ಳುತ್ತಾನೆ.

ವಿದ್ಯಾರ್ಥಿಗಳಿಗೆ ಎರಡು ಮಾತು

ಈ ಅಂಕಣ ಓದುವ ವಿದ್ಯಾರ್ಥಿಗಳೇ, ಸ್ವಾತಂತ್ರ್ಯವನ್ನು ಜಗಳವಾಡಿ ಪಡೆಯುವುದಕ್ಕಿಂತ ಕೆಲಸ ಮಾಡಿ ತೋರಿಸಿ ಪಡೆಯುವುದು ಸುಲಭ. ಮನೆಯವರು ನೆನಪಿಸುವ ಮೊದಲೇ ಶುಲ್ಕ ಕಟ್ಟಿ ರಸೀದಿ ತೋರಿಸಿ. ಮುಂದಿನ ತಿಂಗಳು ಅವರು ಕೇಳುವುದು ಕಡಿಮೆಯಾಗುತ್ತದೆ. ಈ ವಾರ ಒಬ್ಬ ಲೆಕ್ಚರರ ಬಳಿ ಹೋಗಿ ಒಂದೇ ಒಂದು ಸಂದೇಹ ಕೇಳಿ. ಹೆದರಿಕೆಯ ವಿಷಯವನ್ನು ದಿನಕ್ಕೆ ಇಪ್ಪತ್ತೈದು ನಿಮಿಷ ಮಾತ್ರ ಓದಿ, ಆದರೆ ಪ್ರತಿದಿನ ಓದಿ. ನಿದ್ದೆಗೆಟ್ಟು ಓದಬೇಡಿ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ಫಲಿತಾಂಶ ಕೆಟ್ಟದಾಗಿದ್ದರೆ ಮೊದಲ ದಿನವೇ ಹೇಳಿಬಿಡಿ. ಒಂದು ಸೆಮಿಸ್ಟರಿನ ಬೈಗುಳ ತಡೆಯಬಹುದು, ಮೂರು ಸೆಮಿಸ್ಟರಿನ ಗುಟ್ಟು ತಡೆಯಲಾಗದು.

ಎಚ್ಚರಿಕೆಯ ಲಕ್ಷಣಗಳು

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರಕ್ಕೂ ಹೆಚ್ಚು. ಕಾರಣಗಳು ಹಲವು. ಎಲ್ಲವನ್ನೂ ಓದಿಗೋ ಹೆತ್ತವರಿಗೋ ಗಂಟುಹಾಕುವಂತಿಲ್ಲ. ಆದರೆ ಲಕ್ಷಣಗಳನ್ನು ಎಲ್ಲರೂ ತಿಳಿದಿರಬೇಕು. ಎರಡು ವಾರಕ್ಕೂ ಮೀರಿ ಮಂಕಾಗಿರುವುದು, ಇಷ್ಟದ ಆಟ-ಹಾಡುಗಳಲ್ಲೂ ಆಸಕ್ತಿ ಇಲ್ಲದಿರುವುದು, ಗೆಳೆಯರಿಂದ ದೂರವಾಗುವುದು, ಊಟ-ನಿದ್ದೆ ಏರುಪೇರಾಗುವುದು, "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು, ತನ್ನ ವಸ್ತುಗಳನ್ನು ಇತರರಿಗೆ ಹಂಚುವುದು ಕಂಡರೆ ತಡಮಾಡಬೇಡಿ.

ಮೇಲೆ ಹೇಳಿದ ಹೊಣೆ ವರ್ಗಾಯಿಸುವ ಸಲಹೆಗಳು ಈ ಸ್ಥಿತಿಯಲ್ಲಿರುವವರಿಗೆ ಅಲ್ಲ. ಇವರ ಜೊತೆಗೆ ಇರಿ, ಒಂಟಿಯಾಗಿ ಬಿಡಬೇಡಿ, ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. "ಸಾಯಬೇಕು ಅನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ, ಮೃದುವಾಗಿ ಕೇಳಿದರೆ ಅವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಕೇಂದ್ರ ಸರ್ಕಾರ ಅಕ್ಟೋಬರ್ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಹೆತ್ತವರೂ ಮಕ್ಕಳೂ ಬರೆದಿಟ್ಟುಕೊಳ್ಳಿ.

ಉಳಿದ ಮನೆಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಅವಸರ ಬೇಡ. ನೀವು ಮಗನಿಗಾಗಿ, ಮಗಳಿಗಾಗಿ ದಿನವೂ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅವುಗಳಲ್ಲಿ ಯಾವುದನ್ನು ತಾನೇ ಮಾಡಬಲ್ಲೆ ಎಂದು ಅವರನ್ನೇ ಕೇಳಿ. ಅವರು ಆರಿಸಿದ ಒಂದನ್ನು ಬರುವ ಸೋಮವಾರದಿಂದ ಅವರಿಗೆ ಬಿಡಿ. ತಿಂಗಳು ಕಳೆದ ಮೇಲೆ ಎರಡನೆಯದು.